ಕ್ರೂಸ್ ಹಡಗಿನ ಕೆಲಸ ಮತ್ತು ಬದುಕು: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು, ಉಡುಪಿ ಕಡೆಯ ಮನೆಗಳಲ್ಲಿ ‘ಶಿಪ್ಪಿನಲ್ಲಿದ್ದಾನೆ’ ಎಂಬ ಮಾತು ಹಳೆಯದು. ಹಡಗು ಹತ್ತಿದವರು ಯಾರೂ ಇಲ್ಲದ ಒಳನಾಡಿನ ಕುಟುಂಬಗಳಿಂದಲೂ ಈಗ ಪ್ರಶ್ನೆಗಳು ಬರುತ್ತವೆ. ವಿದೇಶಿ ಕ್ರೂಸ್ ಹಡಗುಗಳ ಹೋಟೆಲ್ ವಿಭಾಗಕ್ಕೆ, ಅಂದರೆ ಅಡುಗೆಮನೆ, ರೆಸ್ಟೋರೆಂಟ್, ಬಾರ್ ಮತ್ತು ಹೌಸ್‌ಕೀಪಿಂಗ್ ಕೆಲಸಗಳಿಗೆ, ಹೋಗುವವರೂ ಅವರ ಮನೆಯವರೂ ಮಾತಿನಲ್ಲಿ ಮತ್ತು ಪತ್ರಗಳಲ್ಲಿ ಮತ್ತೆ ಮತ್ತೆ ಕೇಳಿದ್ದನ್ನು ಇಲ್ಲಿ ಸೇರಿಸಿದೆ. ಡೆಕ್ ಮತ್ತು ಎಂಜಿನ್ ವಿಭಾಗಗಳ ಓದು, ಪರೀಕ್ಷೆ, ಒಪ್ಪಂದಗಳೆಲ್ಲ ಬೇರೆಯಾದ್ದರಿಂದ ಅವುಗಳ ಗೋಜಿಗೆ ಹೋಗಿಲ್ಲ.

## ಹೊರಡುವ ಮುನ್ನ

ನಾನು ಸ್ಟಾರ್ ಹೋಟೆಲಿನಲ್ಲಿ ಎರಡು ವರ್ಷ ಕೆಲಸ ಮಾಡಿದ್ದೇನೆ. ಹಡಗಿನದೂ ಅದೇ ಕೆಲಸ ತಾನೇ?

ಕೈಕೆಲಸ ಅದೇ. ಟ್ರೇ ಹಿಡಿಯುವುದಕ್ಕೆ, ಹಾಸಿಗೆ ಹಾಸುವುದಕ್ಕೆ, ತರಕಾರಿ ಕತ್ತರಿಸುವುದಕ್ಕೆ ನೆಲ, ನೀರು ಎಂಬ ಭೇದವಿಲ್ಲ. ಬದಲಾಗುವುದು ಅದರ ಸುತ್ತಲಿನ ಬದುಕು. ಹೋಟೆಲಿನಲ್ಲಿ ವಾರಕ್ಕೊಂದು ರಜೆ ಇರುತ್ತದೆ, ಪಾಳಿ ಮುಗಿದ ಮೇಲೆ ಬಸ್ಸು ಹತ್ತಿ ಮನೆಗೆ ಹೋಗಬಹುದು. ಹಡಗಿನ ಹೋಟೆಲ್ ವಿಭಾಗದಲ್ಲಿ ಒಪ್ಪಂದವು ಸಾಮಾನ್ಯವಾಗಿ ಆರರಿಂದ ಒಂಬತ್ತು ತಿಂಗಳದ್ದಾಗಿದ್ದು, ಅಷ್ಟು ಕಾಲವೂ ದಿನಕ್ಕೆ ಹತ್ತು ಹನ್ನೊಂದು ಗಂಟೆಯಂತೆ ವಾರದ ಏಳು ದಿನವೂ ಕೆಲಸವಿರುತ್ತದೆ. ಬೆಳಿಗ್ಗೆ ಗದರಿದ ಸೂಪರ್‌ವೈಸರ್ ಮಧ್ಯಾಹ್ನ ಮೆಸ್ಸಿನಲ್ಲಿ ಎದುರು ಕುಳಿತಿರುತ್ತಾರೆ, ಸಂಜೆ ಅದೇ ಕಾರಿಡಾರಿನಲ್ಲಿ ಸಿಗುತ್ತಾರೆ. ಹೊಸಬರು ಸಮುದ್ರಕ್ಕೆ ಹೆದರಿ ಬರುತ್ತಾರೆ, ಆದರೆ ಅವರನ್ನು ದಣಿಸುವುದು ರಜೆಯಿಲ್ಲದ ಈ ದಿನಚರಿ. ಹಡಗಿಗೆ ಹೊಂದಿಕೊಳ್ಳುವುದರ ಬಹುಪಾಲು ನಿದ್ದೆಯನ್ನು ಕಾಪಾಡಿಕೊಳ್ಳುವುದರಲ್ಲೇ ಇದೆ ಎಂಬುದು ನನ್ನ ಅಭಿಪ್ರಾಯ.

ಯಾವ ಯಾವ ಕಾಗದಪತ್ರ ಬೇಕು? ಏಜೆಂಟರು ದಿನಕ್ಕೊಂದು ಹೆಸರು ಹೇಳುತ್ತಾರೆ.

ಪಾಸ್‌ಪೋರ್ಟಿನ ಜೊತೆಗೆ ಮುಖ್ಯವಾದದ್ದು ಸಿಡಿಸಿ, ಅಂದರೆ ನಾವಿಕರ ಸೇವಾ ಪುಸ್ತಕ. ಭಾರತದಲ್ಲಿ ಅದು ನೌಕಾಯಾನ ಮಹಾನಿರ್ದೇಶನಾಲಯದ, ಎಲ್ಲರ ಬಾಯಲ್ಲಿ ಡಿಜಿ ಶಿಪ್ಪಿಂಗ್‌ನ, ವ್ಯವಸ್ಥೆಯಡಿ ಸಿಗುತ್ತದೆ. ಅದಕ್ಕೂ ಮೊದಲು ಇಂಡೋಸ್ ಸಂಖ್ಯೆ, ಅಂದರೆ ನಾವಿಕರ ರಾಷ್ಟ್ರೀಯ ದತ್ತಾಂಶದಲ್ಲಿನ ನೋಂದಣಿ ಸಂಖ್ಯೆ ಪಡೆದು, ಎಸ್‌ಟಿಸಿಡಬ್ಲ್ಯು ಎಂಬ ನಾವಿಕರ ತರಬೇತಿಯ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರದ ಮೂಲ ಸುರಕ್ಷತಾ ತರಬೇತಿಗಳನ್ನು ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಮುಗಿಸಬೇಕು. ನೀರಿನಲ್ಲಿ ಬದುಕುಳಿಯುವುದು, ಬೆಂಕಿ ಆರಿಸುವುದು, ಪ್ರಥಮ ಚಿಕಿತ್ಸೆ, ವೈಯಕ್ತಿಕ ಸುರಕ್ಷತೆ ಮತ್ತು ಹಡಗಿನ ಭದ್ರತೆ ಇದರ ಪಾಠಗಳು. ಮಾನ್ಯತೆ ಪಡೆದ ವೈದ್ಯರಿಂದ ವೈದ್ಯಕೀಯ ಪ್ರಮಾಣಪತ್ರ ಬೇಕು. ಹಡಗು ಅಮೆರಿಕದ ಬಂದರುಗಳಿಗೆ ಹೋಗುವುದಾದರೆ ಹಡಗಿನ ಸಿಬ್ಬಂದಿಗೆ ಆ ದೇಶ ಕೊಡುವ ಸಿ1/ಡಿ ವೀಸಾ ಬೇಕು. ಹಳದಿ ಜ್ವರದ ಲಸಿಕೆಯನ್ನು ಕೊನೆಯ ವಾರಕ್ಕೆ ಉಳಿಸಬಾರದು, ಏಕೆಂದರೆ ಅದರ ಪ್ರಮಾಣಪತ್ರಕ್ಕೆ ಬೆಲೆ ಬರುವುದು ಚುಚ್ಚಿಸಿಕೊಂಡ ಹತ್ತು ದಿನಗಳ ಬಳಿಕ. ಒಮ್ಮೆ ಹಾಕಿಸಿದರೆ ಅದು ಜೀವನಪೂರ್ತಿ ಸಲ್ಲುತ್ತದೆ.

ಏಜೆಂಟ್ ಎರಡು ಲಕ್ಷ ಕೇಳುತ್ತಿದ್ದಾರೆ. ‘ಎಲ್ಲರೂ ಕೊಡುತ್ತಾರೆ’ ಎನ್ನುತ್ತಾರೆ. ಕೊಡಬಹುದೇ?

ಕೊಡಬೇಡಿ. ಎಂಎಲ್‌ಸಿ ಎಂದು ಕರೆಯುವ 2006ರ ಕಡಲ ಕಾರ್ಮಿಕ ಒಪ್ಪಂದವನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ರೂಪಿಸಿತು. ಅದು 2013ರ ಆಗಸ್ಟ್‌ನಲ್ಲಿ ಜಾರಿಗೆ ಬಂತು, ಭಾರತ 2015ರಲ್ಲಿ ಅನುಮೋದಿಸಿತು. ಅದರ ಪ್ರಕಾರ ಕೆಲಸ ಕೊಡಿಸಿದ್ದಕ್ಕಾಗಿ ನಾವಿಕರಿಂದ ಶುಲ್ಕ ಪಡೆಯುವಂತಿಲ್ಲ. ವೈದ್ಯಕೀಯ ಪ್ರಮಾಣಪತ್ರ, ಸಿಡಿಸಿ, ಪಾಸ್‌ಪೋರ್ಟ್ ಇವುಗಳ ಖರ್ಚನ್ನು ನೀವು ಭರಿಸಬೇಕಾಗಬಹುದು, ಆದರೆ ವೀಸಾದ ವೆಚ್ಚ ಹಡಗಿನ ಮಾಲೀಕರದ್ದು. ಭಾರತದಿಂದ ನಾವಿಕರನ್ನು ಕಳುಹಿಸುವ ಸಂಸ್ಥೆಗೆ ಆರ್‌ಪಿಎಸ್‌ಎಲ್ ಎಂಬ ಪರವಾನಗಿ ಇರಲೇಬೇಕು. ಪರವಾನಗಿ ಇರುವವರ ಪಟ್ಟಿ ಡಿಜಿ ಶಿಪ್ಪಿಂಗ್‌ನ ಜಾಲತಾಣದಲ್ಲಿದೆ. ಏಜೆಂಟ್ ತೋರಿಸುವ ಜೆರಾಕ್ಸ್ ಪ್ರತಿಯನ್ನು ನಂಬದೆ ನೀವೇ ಹೆಸರು ಹುಡುಕಿ ನೋಡಿ. ತಾಯಿಯ ಬಳೆ ಅಡವಿಟ್ಟು ಹೊರಟವರು ಹಡಗಿನ ಮೇಲೆ ಅನ್ಯಾಯವಾದರೂ ಬಾಯಿ ತೆರೆಯುವುದಿಲ್ಲ. ಸಾಲ ತೀರುವವರೆಗೆ ಕೆಲಸ ಉಳಿಯಬೇಕು ಎಂಬ ಭಯವೇ ಅವರನ್ನು ಕಟ್ಟಿಹಾಕುತ್ತದೆ.

ಸೂಟ್‌ಕೇಸಿನಲ್ಲಿ ಏನಿರಬೇಕು? ಅಮ್ಮ ಚಿಕ್ಕ ರೈಸ್ ಕುಕ್ಕರನ್ನೂ ಇಟ್ಟಿದ್ದಾರೆ.

ಕುಕ್ಕರನ್ನು ಮನೆಯಲ್ಲೇ ಬಿಡಿ. ಹಡಗಿನಲ್ಲಿ ಎಲ್ಲಕ್ಕಿಂತ ದೊಡ್ಡ ಭಯ ಬೆಂಕಿಯದು. ಕುಕ್ಕರ್, ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕಾಯಿಲ್ ಮುಂತಾದ ಬಿಸಿಯಾಗುವ ಸಾಧನಗಳನ್ನು ಕ್ಯಾಬಿನ್ ತಪಾಸಣೆಯಲ್ಲಿ ವಶಪಡಿಸಿಕೊಳ್ಳುತ್ತಾರೆ. ದೀಪ, ಕರ್ಪೂರ, ಅಗರಬತ್ತಿಗಳಿಗೂ ಅನುಮತಿಯಿಲ್ಲ. ದೇವರ ಪಟ ಇಟ್ಟುಕೊಳ್ಳಲು ಅಡ್ಡಿಯಿಲ್ಲ. ನಿಜವಾಗಿ ಹಣ ಹಾಕಬೇಕಾದದ್ದು ಬೂಟಿನ ಮೇಲೆ: ಜಾರದ ಅಡಿಯಿರುವ ಕಪ್ಪು ಬೂಟುಗಳು ಎರಡು ಜೊತೆ ಇರಲಿ, ದಿನ ಬಿಟ್ಟು ದಿನ ಬದಲಿಸಿ ಹಾಕಿಕೊಳ್ಳಿ. ನಿತ್ಯ ಸೇವಿಸುವ ಔಷಧಿಯಿದ್ದರೆ ವೈದ್ಯರ ಚೀಟಿ ಜೊತೆಗಿರಬೇಕು.

## ಮೊದಲ ವಾರಗಳು

ಹಡಗು ಹತ್ತಿದ ಮೊದಲ ದಿನ ಏನಾಗುತ್ತದೆ? ಪಾಸ್‌ಪೋರ್ಟ್ ಕಿತ್ತುಕೊಳ್ಳುತ್ತಾರಂತೆ!

ನೀವು ಹತ್ತುವ ದಿನ ಸಾಮಾನ್ಯವಾಗಿ ಹಳೆಯ ಪ್ರಯಾಣಿಕರು ಇಳಿದು ಹೊಸಬರು ಬರುವ ದಿನವೇ ಆಗಿರುತ್ತದೆ. ಹಡಗಿನಲ್ಲಿ ಅದಕ್ಕಿಂತ ಗಡಿಬಿಡಿಯ ದಿನವಿಲ್ಲ. ಪಾಸ್‌ಪೋರ್ಟ್ ಮತ್ತು ಸಿಡಿಸಿಯನ್ನು ಹಡಗಿನ ಕಚೇರಿ ಇಟ್ಟುಕೊಳ್ಳುತ್ತದೆ. ಕೊಲ್ಲಿ ದೇಶಗಳಲ್ಲಿ ಪಾಸ್‌ಪೋರ್ಟ್ ಒತ್ತೆಯಿಟ್ಟ ಕಥೆಗಳನ್ನು ಕೇಳಿದವರಿಗೆ ಇದು ಆತಂಕ ತರುವುದು ಸಹಜ. ಆದರೆ ಪ್ರತಿ ಬಂದರಿನಲ್ಲೂ ವಲಸೆ ಅಧಿಕಾರಿಗಳಿಗೆ ಎಲ್ಲರ ದಾಖಲೆಗಳನ್ನು ಒಟ್ಟಿಗೆ ತೋರಿಸಬೇಕಾದ್ದರಿಂದ ಹಡಗುಗಳಲ್ಲಿ ಇದು ರೂಢಿ. ಪ್ರತಿಗಳನ್ನು ನಿಮ್ಮ ಬಳಿ ಉಳಿಸಿಕೊಳ್ಳಿ.

ಸಮವಸ್ತ್ರ, ಗುರುತಿನ ಕಾರ್ಡು, ಕ್ಯಾಬಿನ್ ಕೀಲಿ ಸಿಕ್ಕ ಕೂಡಲೇ ಸುರಕ್ಷತಾ ತರಬೇತಿ ಆರಂಭವಾಗುತ್ತದೆ. ಏಳು ಚಿಕ್ಕ ಸದ್ದು, ಬಳಿಕ ಒಂದು ದೀರ್ಘ ಸದ್ದು ಕೇಳಿದರೆ ಅದು ಸಾರ್ವತ್ರಿಕ ತುರ್ತು ಸಂಕೇತ. ಆಗ ವೇಟರ್ ಆಗಲಿ, ಕ್ಯಾಬಿನ್ ಸ್ಟೀವರ್ಡ್ ಆಗಲಿ, ತನಗೆ ಒಪ್ಪಿಸಿದ ಜಾಗದಲ್ಲಿ ನಿಂತು ಪ್ರಯಾಣಿಕರನ್ನು ಸೇರಿಸಬೇಕು. ಡ್ರಿಲ್ಲುಗಳನ್ನು ಕಾಟಾಚಾರವೆಂದು ನೋಡುವವರು ಒಂದು ವಿಷಯ ತಿಳಿದಿರಬೇಕು. 2012ರ ಜನವರಿಯಲ್ಲಿ ಇಟಲಿಯ ಜಿಲಿಯೊ ದ್ವೀಪದ ಬಳಿ ಕೋಸ್ಟಾ ಕಾಂಕಾರ್ಡಿಯಾ ಹಡಗು ಬಂಡೆಗೆ ತಾಗಿದಾಗ, ಅಂದೇ ಹತ್ತಿದ್ದ ಅನೇಕ ಪ್ರಯಾಣಿಕರಿಗೆ ಇನ್ನೂ ಡ್ರಿಲ್ ಆಗಿರಲಿಲ್ಲ. ಆ ದುರಂತದಲ್ಲಿ 32 ಜನ ಸತ್ತರು. ಬಂದರು ಬಿಡುವ ಮೊದಲು ಅಥವಾ ಬಿಟ್ಟ ಕೂಡಲೇ ಪ್ರಯಾಣಿಕರ ಡ್ರಿಲ್ ನಡೆಯಬೇಕೆಂಬ ನಿಯಮ ಬಂದದ್ದು ಅದರ ನಂತರ. ಮೊದಲ ಸಂಜೆಯೇ ನಿಮ್ಮ ಕ್ಯಾಬಿನ್‌ನಿಂದ, ತುರ್ತಿನಲ್ಲಿ ನಿಲ್ಲಲು ನಿಮಗೆ ಒಪ್ಪಿಸಿದ ಜಾಗಕ್ಕೆ ಹೋಗುವ ಎರಡು ದಾರಿಗಳನ್ನು ನಡೆದು ನೋಡಿ. ಹಡಗಿನ ಉದ್ದಕ್ಕೂ ಸಾಗುವ, ಹಲವು ಹಡಗುಗಳಲ್ಲಿ ಅಮೆರಿಕದ ಹೆದ್ದಾರಿಯೊಂದರ ಹೆಸರಿನಿಂದ ‘ಐ-95’ ಎಂದು ಕರೆಯುವ ಸಿಬ್ಬಂದಿ ಕಾರಿಡಾರನ್ನು ಗುರುತಿಟ್ಟುಕೊಂಡರೆ ದಾರಿ ತಪ್ಪುವುದು ಅರ್ಧ ಕಡಿಮೆಯಾಗುತ್ತದೆ.

ಗೊತ್ತಿಲ್ಲದ ಪರದೇಶದವರ ಜೊತೆ ಒಂದೇ ಕ್ಯಾಬಿನ್ನಿನಲ್ಲಿ ಹೇಗೆ ಇರುವುದು?

ಒಂದರ ಮೇಲೊಂದು ಎರಡು ಮಂಚ, ಎರಡು ಕಪಾಟು, ಒಂದು ಮೇಜು, ತಿರುಗಲು ಕಷ್ಟವಾಗುವ ಬಚ್ಚಲು, ಕಿಟಕಿ ಇಲ್ಲ, ಸಾಮಾನ್ಯವಾಗಿ ಇಷ್ಟೇ. ಜೊತೆಗಾರರು ಫಿಲಿಪ್ಪೀನ್ಸಿನವರೋ ಇಂಡೋನೇಷ್ಯಾದವರೋ ಆಗಿರಬಹುದು. ಜಗಳ ಹುಟ್ಟುವುದು ದೇಶದಿಂದಲ್ಲ, ಅಲಾರಂನಿಂದ. ಒಬ್ಬರು ಬೆಳಗಿನ ನಾಲ್ಕಕ್ಕೆ ಏಳುತ್ತಾರೆ, ಇನ್ನೊಬ್ಬರು ಒಂದಕ್ಕೆ ಮಲಗಿರುತ್ತಾರೆ. ಮೊದಲ ದಿನವೇ ಇಬ್ಬರ ಪಾಳಿಯನ್ನೂ ಬರೆದು ಬಾಗಿಲಿಗೆ ಅಂಟಿಸಿ, ಮಂಚದ ಪರದೆ ಎಳೆದಿದ್ದರೆ ಮಾತು ಬೇಡ ಎಂದು ಒಪ್ಪಿಕೊಳ್ಳಿ. ಕನ್ನಡಿಗರು ಸಿಕ್ಕರೆ ಸಂತೋಷ. ಹಾಗೆಂದು ಮೂರನೆಯವರ ಎದುರು ಇಬ್ಬರೇ ಕನ್ನಡದಲ್ಲಿ ನಗುವುದು ಸಣ್ಣ ಕೋಣೆಯಲ್ಲಿ ಬಹಳ ಬೇಗ ತಪ್ಪು ತಿಳಿವಳಿಕೆಗೆ ಕಾರಣವಾಗುತ್ತದೆ.

ಹಡಗು ಹತ್ತಿದರೆ ವಾಂತಿಯಾಗುತ್ತದಂತೆ. ಎಷ್ಟು ದಿನ ಇರುತ್ತದೆ?

ಬಹುತೇಕರಿಗೆ ಎರಡು ಮೂರು ದಿನಗಳಲ್ಲಿ ಹತೋಟಿಗೆ ಬರುತ್ತದೆ. ಒಳಕಿವಿ ಅಲುಗಾಟವನ್ನು ಹೇಳುತ್ತಿರುವಾಗ ಕಣ್ಣಿಗೆ ಅಲುಗದ ಗೋಡೆ ಕಾಣುವುದೇ ಇದಕ್ಕೆ ಕಾರಣ. ಅದಕ್ಕಾಗಿಯೇ ತೆರೆದ ಡೆಕ್ಕಿಗೆ ಹೋಗಿ ದಿಗಂತವನ್ನು ನೋಡಿದರೆ ಸುಧಾರಿಸುತ್ತದೆ. ದೊಡ್ಡ ಹಡಗುಗಳಿಗೆ ಓಲಾಟ ತಗ್ಗಿಸುವ ರೆಕ್ಕೆಗಳಿರುತ್ತವೆ. ಅಲುಗಾಟ ಕಡಿಮೆಯಿರುವುದು ಕೆಳಗಿನ ಮಹಡಿಗಳಲ್ಲಿ, ಹಡಗಿನ ನಡುಭಾಗದಲ್ಲಿ. ಸಿಬ್ಬಂದಿಯ ಕ್ಯಾಬಿನ್ನುಗಳು ಕೆಳಗಿರುವುದರ ಒಂದೇ ಲಾಭ ಇದು ಎನ್ನಬಹುದು. ಹೊಟ್ಟೆ ಖಾಲಿ ಬಿಡಬೇಡಿ. ಒಣ ಬ್ರೆಡ್, ಹಸಿರು ಸೇಬು, ಶುಂಠಿ ಹಿಡಿಸುತ್ತವೆ. ವಾಂತಿ ತಡೆಯುವ ಕೆಲವು ಮಾತ್ರೆಗಳು ನಿದ್ದೆ ಬರಿಸುವುದರಿಂದ, ಕತ್ತಿ ಹಿಡಿಯುವ ಕೆಲಸದವರು ಹಡಗಿನ ವೈದ್ಯರನ್ನು ಕೇಳದೆ ನುಂಗಬಾರದು.

ನಾನು ಸಸ್ಯಾಹಾರಿ. ಊಟಕ್ಕೆ ಏನು ಗತಿ?

ಭಾರತೀಯ ಸಿಬ್ಬಂದಿ ಹೆಚ್ಚಿರುವ ಹಡಗುಗಳ ಮೆಸ್ಸಿನಲ್ಲಿ ಅನ್ನ, ಬೇಳೆ, ಒಂದು ಪಲ್ಯ ಬಹುತೇಕ ದಿನವೂ ಇರುತ್ತದೆ. ಊಟವು ಸಿಬ್ಬಂದಿಯ ಧರ್ಮ ಮತ್ತು ಸಂಸ್ಕೃತಿಗಳನ್ನು ಗಮನದಲ್ಲಿಟ್ಟುಕೊಂಡಿರಬೇಕು ಎಂದು ಎಂಎಲ್‌ಸಿ ಹೇಳುತ್ತದೆ. ರುಚಿಯ ನಿರೀಕ್ಷೆ ಮಾತ್ರ ಇಟ್ಟುಕೊಳ್ಳಬೇಡಿ. ಆದರೆ ತಿನ್ನುವುದಕ್ಕಿಂತ ಕಷ್ಟದ ಪ್ರಶ್ನೆ ಬೇರೆ ಇದೆ: ಅಡುಗೆಮನೆಯಲ್ಲಿ ದನದ ಮಾಂಸ, ಹಂದಿಮಾಂಸ ಕತ್ತರಿಸಬೇಕಾಗುತ್ತದೆ, ರೆಸ್ಟೋರೆಂಟಿನಲ್ಲಿ ಬಡಿಸಬೇಕಾಗುತ್ತದೆ. ಅದು ಒಗ್ಗದವರು ಸಂದರ್ಶನದಲ್ಲೇ ಹೌಸ್‌ಕೀಪಿಂಗ್ ಕೇಳಿಕೊಳ್ಳುವುದು ಲೇಸು.

## ಕೆಲಸದ ನಡುವೆ

ದಿನಕ್ಕೆ ಎಷ್ಟು ಗಂಟೆ ದುಡಿಸಬಹುದು? ಲೆಕ್ಕ ಇದೆಯೇ?

ಇದೆ. ಎಂಎಲ್‌ಸಿ ಪ್ರಕಾರ ದುಡಿಮೆಗೆ ಮಿತಿ ಹಾಕುವುದಾದರೆ ಯಾವುದೇ 24 ಗಂಟೆಗಳಲ್ಲಿ 14 ಗಂಟೆಯನ್ನೂ ಯಾವುದೇ ಏಳು ದಿನಗಳಲ್ಲಿ 72 ಗಂಟೆಯನ್ನೂ ಮೀರಬಾರದು. ವಿಶ್ರಾಂತಿಯಲ್ಲಿ ಲೆಕ್ಕ ಹಾಕುವುದಾದರೆ 24 ಗಂಟೆಗಳಲ್ಲಿ ಕನಿಷ್ಠ 10, ಏಳು ದಿನಗಳಲ್ಲಿ ಕನಿಷ್ಠ 77 ಗಂಟೆ ಸಿಗಬೇಕು. ದಿನದ ವಿಶ್ರಾಂತಿಯನ್ನು ಎರಡಕ್ಕಿಂತ ಹೆಚ್ಚು ತುಂಡು ಮಾಡುವಂತಿಲ್ಲ, ಅದರಲ್ಲಿ ಒಂದು ತುಂಡು ಆರು ಗಂಟೆಗೆ ಕಡಿಮೆಯಿರಬಾರದು. ಎರಡರಲ್ಲಿ ಯಾವ ಲೆಕ್ಕ ಅನ್ವಯಿಸುತ್ತದೆ ಎಂಬುದು ಹಡಗು ಯಾವ ದೇಶದ ಬಾವುಟ ಹಾರಿಸುತ್ತದೆ ಎಂಬುದನ್ನು ಅವಲಂಬಿಸಿದೆ. ಕ್ರೂಸ್ ಹಡಗುಗಳಲ್ಲಿ ಬಹಾಮಾಸ್, ಪನಾಮ, ಮಾಲ್ಟಾ, ಬರ್ಮುಡಾ ಬಾವುಟಗಳು ಸಾಮಾನ್ಯ.

ಕಾಗದದ ಮೇಲಿನ ಈ ಲೆಕ್ಕ ನಿದ್ದೆಯಾಗಿ ಬದಲಾಗುವುದು ನಿಮ್ಮ ಕೈಯಲ್ಲಿದೆ. ರೆಸ್ಟೋರೆಂಟಿನ ದಿನ ಬೆಳಗಿನ ತಿಂಡಿ, ಮಧ್ಯಾಹ್ನದ ಊಟ, ರಾತ್ರಿಯ ಎರಡು ಪಂಕ್ತಿ ಎಂದು ಹರಿದುಹೋಗಿರುತ್ತದೆ. ಮಧ್ಯಾಹ್ನ ಸಿಗುವ ಬಿಡುವಿನಲ್ಲಿ ಹೊಸಬರು ಫೋನ್ ಹಿಡಿಯುತ್ತಾರೆ, ಹಳಬರು ಮಲಗುತ್ತಾರೆ. ಅಟ್ಲಾಂಟಿಕ್ ಸಾಗರವನ್ನು ಪೂರ್ವಕ್ಕೆ ದಾಟುವಾಗ ಹಲವು ರಾತ್ರಿ ಗಡಿಯಾರವನ್ನು ಒಂದೊಂದು ಗಂಟೆ ಮುಂದಿಡುವುದರಿಂದ ನಿದ್ದೆ ಇನ್ನೂ ಕಡಿಮೆಯಾಗುತ್ತದೆ. ಪಶ್ಚಿಮಕ್ಕೆ ಹೋಗುವಾಗ ಆ ಗಂಟೆಗಳು ಮರಳಿ ಬರುತ್ತವೆ. ಕೆಲಸದ ಗಂಟೆಗಳ ದಾಖಲೆಗೆ ಸಹಿ ಹಾಕುವಾಗ ನಿಜವಾಗಿ ದುಡಿದದ್ದಕ್ಕೆ ಮಾತ್ರ ಸಹಿ ಹಾಕಿ. ಸುಳ್ಳು ದಾಖಲೆಗೆ ನೀವೇ ಸಹಿ ಹಾಕಿದ್ದರೆ ಮುಂದೆ ದೂರು ಕೊಡುವಾಗ ಕೈಯಲ್ಲಿ ಏನೂ ಇರುವುದಿಲ್ಲ.

‘ಯುಎಸ್‌ಪಿಎಚ್’ ಎಂದರೆ ಎಲ್ಲರೂ ಯಾಕೆ ನಡುಗುತ್ತಾರೆ?

ಅಮೆರಿಕದ ಬಂದರುಗಳಿಗೆ ಬರುವ ಕ್ರೂಸ್ ಹಡಗುಗಳ ನೈರ್ಮಲ್ಯವನ್ನು ಆ ದೇಶದ ಆರೋಗ್ಯ ಇಲಾಖೆಯವರು ಮುನ್ಸೂಚನೆ ಕೊಡದೆ ಬಂದು ಪರೀಕ್ಷಿಸುತ್ತಾರೆ. ಹಡಗಿನವರ ಬಾಯಲ್ಲಿ ಆ ಪರೀಕ್ಷೆಯೇ ಯುಎಸ್‌ಪಿಎಚ್. ಅಂಕಗಳು ನೂರಕ್ಕೆ, 85 ಅಥವಾ ಅದಕ್ಕಿಂತ ಕಡಿಮೆ ಬಂದರೆ ಅನುತ್ತೀರ್ಣ, ಮತ್ತು ಫಲಿತಾಂಶ ಸಾರ್ವಜನಿಕವಾಗುತ್ತದೆ. ತಣ್ಣನೆಯ ಪದಾರ್ಥ 5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಥವಾ ಅದಕ್ಕಿಂತ ಕೆಳಗೆ, ಬಿಸಿಯದು 57 ಡಿಗ್ರಿಯಲ್ಲಿ ಅಥವಾ ಅದಕ್ಕಿಂತ ಮೇಲೆ ಇರಬೇಕು ಎಂಬುದನ್ನು ಬಾಯಿಪಾಠ ಮಾಡಿಕೊಳ್ಳಿ. ಅಧಿಕಾರಿಗಳು ನಿಮ್ಮನ್ನೇ ನಿಲ್ಲಿಸಿ ಕೇಳಬಹುದು. ಈ ಕಟ್ಟುನಿಟ್ಟಿನ ಹಿಂದೆ ಇರುವುದು ವಾಂತಿ ಭೇದಿ ತರುವ ನೊರೊವೈರಸ್‌ನ ಭಯ. ಸಾವಿರಾರು ಜನ ಒಂದೇ ಕಡೆ ಉಣ್ಣುವ ಹಡಗಿನಲ್ಲಿ ಅದು ಬಹಳ ಬೇಗ ಹರಡುತ್ತದೆ, ಸ್ಯಾನಿಟೈಸರ್‌ಗೆ ಸುಲಭವಾಗಿ ಜಗ್ಗುವುದಿಲ್ಲ, ಸೋಪು ಹಚ್ಚಿ ತಿಕ್ಕಿ ತೊಳೆಯುವುದೇ ಮದ್ದು. ವಾಂತಿ ಭೇದಿಯಾದರೆ ಮುಚ್ಚಿಡದೆ ವೈದ್ಯರಿಗೆ ತಿಳಿಸಬೇಕು. ಆಹಾರ ಮುಟ್ಟುವ ಕೆಲಸದವರು ಲಕ್ಷಣಗಳು ನಿಂತ ಮೇಲೂ 48 ಗಂಟೆ ಕೆಲಸದಿಂದ ದೂರವಿರಬೇಕು. ಟಿಪ್ಸ್ ತಪ್ಪುತ್ತದೆಂದು ಕಾಯಿಲೆ ಮುಚ್ಚಿಟ್ಟವರನ್ನು ಕಂಪನಿಗಳು ಸುಮ್ಮನೆ ಬಿಡುವುದಿಲ್ಲ.

ಬಂದರು ಬಂದಾಗ ಊರು ಸುತ್ತಬಹುದೇ?

ಬಿಡುವಿದ್ದರೆ ಸುತ್ತಬಹುದು. ಆದರೆ ತುರ್ತು ಪರಿಸ್ಥಿತಿಗಾಗಿ ಸಿಬ್ಬಂದಿಯ ಒಂದು ಪಾಲು ಪ್ರತಿ ಬಂದರಿನಲ್ಲೂ ಹಡಗಿನಲ್ಲೇ ಉಳಿಯಬೇಕು, ಅದರ ಸರದಿ ಪಟ್ಟಿ ಮೊದಲೇ ಹಾಕಿರುತ್ತಾರೆ. ಸಿಬ್ಬಂದಿ ಮರಳಬೇಕಾದ ಸಮಯ ಪ್ರಯಾಣಿಕರಿಗಿಂತ ಮುಂಚಿನದು. ಫೋನಿನ ಗಡಿಯಾರ ದಡದ ಸಮಯಕ್ಕೆ ತಾನಾಗಿ ಬದಲಾಗಿಬಿಡುತ್ತದೆ, ಹಡಗು ಮಾತ್ರ ತನ್ನ ಸಮಯಕ್ಕೆ ಹೊರಡುತ್ತದೆ. ಹಾಗಾಗಿ ಕೈಗೊಂದು ಸಾದಾ ಗಡಿಯಾರ ಕಟ್ಟಿಕೊಳ್ಳಿ. ಹಲವು ಬಂದರುಗಳಲ್ಲಿ ಮಿಷನ್ ಟು ಸೀಫೇರರ್ಸ್, ಸ್ಟೆಲ್ಲಾ ಮಾರಿಸ್ ಎಂಬ ಕ್ರೈಸ್ತ ಸಂಸ್ಥೆಗಳ ನಾವಿಕರ ಕೇಂದ್ರಗಳಿವೆ. ಯಾವ ಧರ್ಮದವರೂ ಹೋಗಿ ಕುಳಿತು ಮನೆಗೆ ಫೋನ್ ಮಾಡಬಹುದು.

ಕ್ರೂ ಬಾರಿನಲ್ಲಿ ಬಿಯರ್ ಅಗ್ಗವಂತೆ?

ಅಗ್ಗವೇ. ಆದರೆ ಸುರಕ್ಷತಾ ಕರ್ತವ್ಯವಿರುವ ಸಿಬ್ಬಂದಿಗೆ ಅಂತರರಾಷ್ಟ್ರೀಯ ಮಿತಿ ರಕ್ತದಲ್ಲಿ 0.05 ಶೇಕಡಾ ಮದ್ಯಸಾರ, ಕಂಪನಿಯ ನಿಯಮ ಇನ್ನೂ ಬಿಗಿಯಾಗಿರಬಹುದು. ಯಾವ ಹೊತ್ತಿನಲ್ಲಾದರೂ ಉಸಿರು ಪರೀಕ್ಷೆ ಮಾಡುತ್ತಾರೆ; ಸಿಕ್ಕಿಬಿದ್ದವರು ಮುಂದಿನ ಬಂದರಿನಲ್ಲಿ ಇಳಿಯುತ್ತಾರೆ.

ಮಗಳು ಹೋಗುತ್ತೇನೆ ಎನ್ನುತ್ತಾಳೆ. ಹೆಣ್ಣುಮಕ್ಕಳಿಗೆ ಸುರಕ್ಷಿತವೇ?

ಕಿರುಕುಳವೇ ಇಲ್ಲ ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ಕಾರಿಡಾರುಗಳಲ್ಲಿ ಕ್ಯಾಮೆರಾಗಳಿವೆ, ಭದ್ರತಾ ಸಿಬ್ಬಂದಿ ದಿನವಿಡೀ ಇರುತ್ತಾರೆ, ಹೆಣ್ಣುಮಕ್ಕಳಿಗೆ ಕ್ಯಾಬಿನ್ ಜೊತೆಗಾರರು ಹೆಣ್ಣುಮಕ್ಕಳೇ. ಅಮೆರಿಕದ ಬಂದರುಗಳಿಂದ ಓಡಾಡುವ ಹಡಗುಗಳಲ್ಲಿ ಲೈಂಗಿಕ ದೌರ್ಜನ್ಯದ ದೂರುಗಳನ್ನು ಎಫ್‌ಬಿಐಗೆ ತಿಳಿಸಬೇಕೆಂದು 2010ರ ಅಲ್ಲಿನ ಕಾಯ್ದೆ ವಿಧಿಸಿದೆ. ಇಷ್ಟೆಲ್ಲ ಇದ್ದರೂ ಕಷ್ಟ ಎದುರಾಗುವುದು ಹೆಚ್ಚಾಗಿ ರೇಟಿಂಗ್ ಕೊಡುವ, ಬಡ್ತಿ ಬರೆಯುವ ಮೇಲಿನವರಿಂದ. ಅಂಥ ಸಂದರ್ಭದಲ್ಲಿ ನೇರ ಸೂಪರ್‌ವೈಸರನ್ನು ದಾಟಿ ಎಚ್‌ಆರ್ ಮ್ಯಾನೇಜರ್‌ಗೆ, ಬೇಕಿದ್ದರೆ ಕ್ಯಾಪ್ಟನ್‌ಗೇ ದೂರು ಕೊಡುವ ಹಕ್ಕು ಎಂಎಲ್‌ಸಿಯಲ್ಲಿದೆ, ದೂರು ಕೊಟ್ಟದ್ದಕ್ಕೆ ಶಿಕ್ಷಿಸುವಂತಿಲ್ಲ. ದಿನಾಂಕ, ಸಮಯ, ಮಾತು ಎಲ್ಲವನ್ನೂ ಅಂದಂದೇ ಬರೆದಿಟ್ಟುಕೊಳ್ಳುವಂತೆ ಮಗಳಿಗೆ ಹೇಳಿ. ‘ಹೀಗಾಯಿತು’ ಎಂದು ಅವಳು ಹೇಳಿದ ದಿನ ‘ಅದಕ್ಕೇ ಹೋಗಬೇಡ ಎಂದಿದ್ದೆ’ ಎನ್ನದಿರುವುದು ಮನೆಯವರ ಪಾಲಿನ ಕೆಲಸ.

## ಮನಸ್ಸು ಮತ್ತು ಮನೆ

ಮೂರನೇ ತಿಂಗಳಾಯಿತು, ಎಲ್ಲ ಬೇಡ ಎನಿಸುತ್ತಿದೆ. ನನಗೆ ಮಾತ್ರ ಹೀಗೆಯೇ?

ಅಲ್ಲ. ಮೊದಲ ವಾರಗಳಲ್ಲಿ ಎಲ್ಲವೂ ಹೊಸದು, ಕೊನೆಯ ವಾರಗಳಲ್ಲಿ ಊರಿನ ದಿನ ಎಣಿಸಬಹುದು; ನಡುವಿನ ತಿಂಗಳುಗಳೇ ಭಾರ. ಭಾನುವಾರ ಬುಧವಾರದಂತೆಯೇ ಇರುತ್ತದೆ, ಹಬ್ಬದ ದಿನ ಹೆಚ್ಚು ಕೆಲಸವಿರುತ್ತದೆ. ಕಿಟಕಿಯಿಲ್ಲದ ಕ್ಯಾಬಿನ್ನಿನಿಂದ ಕಿಟಕಿಯಿಲ್ಲದ ಅಡುಗೆಮನೆಗೆ ಹೋಗಿಬರುವವರು ಬಿಸಿಲು ಕಾಣದೆ ದಿನಗಳನ್ನು ಕಳೆಯುತ್ತಾರೆ. ಆದ್ದರಿಂದ ದಿನಕ್ಕೆ ಹದಿನೈದು ನಿಮಿಷವಾದರೂ ಸಿಬ್ಬಂದಿಯ ತೆರೆದ ಡೆಕ್ಕಿಗೆ ಹೋಗುವುದನ್ನು ಊಟದಷ್ಟೇ ಕಡ್ಡಾಯ ಮಾಡಿಕೊಳ್ಳಿ. ಕೆಲಸಕ್ಕೆ ಸಂಬಂಧವಿಲ್ಲದ ಒಂದು ಗುಂಪು ಹುಡುಕಿಕೊಳ್ಳಿ, ಕ್ರಿಕೆಟ್ ಆಗಲಿ ಪ್ರಾರ್ಥನೆ ಆಗಲಿ. ಊರಿನ ನೆನಪಿನ ಬೇಸರ ಒಂದು ಒಳ್ಳೆಯ ನಿದ್ದೆಯಲ್ಲಿ ಸ್ವಲ್ಪ ಕರಗುತ್ತದೆ. ನಿದ್ದೆಯೇ ಬರದೆ, ಊಟ ಸೇರದೆ, ಬದುಕು ಬೇಡವೆನಿಸುವ ಸ್ಥಿತಿ ವಾರಗಟ್ಟಲೆ ಉಳಿದರೆ ಅದು ಕಾಯಿಲೆ, ಹಡಗಿನ ವೈದ್ಯರ ಬಳಿ ಹೋಗಬೇಕು. ಸೀಫೇರರ್‌ಹೆಲ್ಪ್ ಎಂಬ ಉಚಿತ ಸಹಾಯವಾಣಿ ಹಗಲೂ ರಾತ್ರಿಯೂ ನಡೆಯುತ್ತದೆ, ಹಿಂದಿಯಲ್ಲೂ ಮಾತನಾಡಬಹುದು, ಹೇಳಿದ್ದು ಕಂಪನಿಗೆ ಹೋಗುವುದಿಲ್ಲ.

ಮನೆಯವರ ಜೊತೆ ದಿನಾ ಮಾತನಾಡಲು ಆಗುತ್ತದೆಯೇ?

ಈಗ ಬಹುಮಟ್ಟಿಗೆ ಆಗುತ್ತದೆ. ಉಪಗ್ರಹ ಇಂಟರ್ನೆಟ್ ಸುಧಾರಿಸಿದೆ, ಸಿಬ್ಬಂದಿಗೆ ಸಂಪರ್ಕ ಒದಗಿಸಬೇಕೆಂಬ ಎಂಎಲ್‌ಸಿ ತಿದ್ದುಪಡಿ 2024ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದಿದೆ. ಶುಲ್ಕವಿದ್ದರೆ ಅದು ಮಿತವಾಗಿರಬೇಕು. ಕೆರಿಬಿಯನ್‌ನಲ್ಲಿ ನಿಮ್ಮ ಪಾಳಿ ಮುಗಿಯುವ ರಾತ್ರಿ ಹೊತ್ತಿಗೆ ಊರಿನಲ್ಲಿ ಬೆಳಗಿನ ಕಾಫಿಯ ಸಮಯ. ದಿನವೂ ಒಂದು ಗಂಟೆ ಮಾತನಾಡುವ ಹವ್ಯಾಸ ನಿದ್ದೆಗೆ ಕುತ್ತು ತರುತ್ತದೆ. ಸಣ್ಣ ಧ್ವನಿ ಸಂದೇಶ ದಿನಕ್ಕೊಂದು, ದೀರ್ಘ ಮಾತು ವಾರಕ್ಕೊಮ್ಮೆ ಸಾಕು.

ಮನೆಯಲ್ಲಿ ಸಾವು ನೋವಾದರೆ ಬರಬಹುದೇ?

ತಂದೆ, ತಾಯಿ, ಗಂಡ, ಹೆಂಡತಿ, ಮಕ್ಕಳ ವಿಷಯದಲ್ಲಿ ಕಂಪನಿಗಳು ಸಾಮಾನ್ಯವಾಗಿ ತುರ್ತು ರಜೆ ಕೊಡುತ್ತವೆ, ಟಿಕೆಟ್ ಯಾರದ್ದು ಎಂಬುದು ಒಪ್ಪಂದದಲ್ಲಿರುತ್ತದೆ. ಆದರೆ ಹಡಗು ದಡ ಮುಟ್ಟಬೇಕು. ಸಾಗರ ದಾಟುವಾಗ ಅದಕ್ಕೇ ಐದಾರು ದಿನ ಬೇಕಾಗಬಹುದು, ಅಂತ್ಯಕ್ರಿಯೆಗೆ ತಲುಪದೇ ಹೋಗಬಹುದು. ಈ ಮಾತನ್ನು ಹೊರಡುವ ಮೊದಲೇ ಮನೆಯಲ್ಲಿ ಎಲ್ಲರೂ ಕುಳಿತು ಆಡಬೇಕು. ನಾವು ಅಪಶಕುನವೆಂದು ಆಡುವುದಿಲ್ಲ, ಆಮೇಲೆ ಎರಡೂ ಕಡೆ ನೋವು ಉಳಿಯುತ್ತದೆ. ಹಡಗಿನ ಹೆಸರು, ಸಿಬ್ಬಂದಿ ಸಂಖ್ಯೆ, ಕಂಪನಿಯ ತುರ್ತು ದೂರವಾಣಿ ಸಂಖ್ಯೆ ಮನೆಯ ಗೋಡೆಯ ಮೇಲಿರಲಿ.

## ಹಣ ಮತ್ತು ಹಕ್ಕು

ತಿಂಗಳಿಗೆ ಇಷ್ಟು ಡಾಲರ್ ಎನ್ನುತ್ತಾರೆ. ನಿಜವಾಗಿ ಎಷ್ಟು ಉಳಿಯುತ್ತದೆ?

ಊಟ, ವಸತಿ ಕಂಪನಿಯದ್ದು, ಹಾಗಾಗಿ ಉಳಿತಾಯಕ್ಕೆ ಅವಕಾಶವಿದೆ. ಆದರೆ ಹೋಟೆಲ್ ವಿಭಾಗದ ಹಲವು ಹುದ್ದೆಗಳಲ್ಲಿ ಎರಡು ಒಪ್ಪಂದಗಳ ನಡುವೆ ಊರಿನಲ್ಲಿರುವ ತಿಂಗಳುಗಳಿಗೆ ಸಂಬಳವಿಲ್ಲ. ಆದ್ದರಿಂದ ಒಪ್ಪಂದದ ಒಟ್ಟು ಸಂಪಾದನೆಯನ್ನು, ರಜೆಯ ತಿಂಗಳುಗಳನ್ನೂ ಸೇರಿಸಿಕೊಂಡು ಭಾಗಿಸಿ ನೋಡಿ. ಟಿಪ್ಸ್ ಅವಲಂಬಿತ ಹುದ್ದೆಯಾದರೆ ಖಾತರಿಯಾದ ಕನಿಷ್ಠ ಮೊತ್ತ ಎಷ್ಟು ಎಂಬುದನ್ನು ಒಪ್ಪಂದದಲ್ಲಿ ಓದಿ. ಬ್ಯಾಂಕ್ ಸಾಲದ ಕಂತನ್ನು ಆ ಕನಿಷ್ಠದ ಮೇಲೆ ಲೆಕ್ಕ ಹಾಕಿ.

ಎನ್‌ಆರ್‌ಐ ಆಗುತ್ತೇವೆ, ತೆರಿಗೆ ಇಲ್ಲ ಎನ್ನುತ್ತಾರೆ. ಹೌದೇ?

ತಾನಾಗಿ ಆಗುವುದಿಲ್ಲ. ಆರ್ಥಿಕ ವರ್ಷವೊಂದರಲ್ಲಿ ನೀವು ಭಾರತದಲ್ಲಿದ್ದ ದಿನಗಳ ಮೇಲೆ ಅದು ನಿಂತಿದೆ, ವಿದೇಶಿ ಉದ್ಯೋಗಕ್ಕೆ ಹೋಗುವವರಿಗೆ 182 ದಿನದ ಗಡಿ ಮುಖ್ಯ. ಒಪ್ಪಂದ ಮಾರ್ಚ್ 31ರ ಎರಡೂ ಬದಿಗೆ ಹರಡಿದ್ದರೆ ಲೆಕ್ಕ ತಪ್ಪುವುದು ಸುಲಭ. ಸಿಡಿಸಿಯಲ್ಲಿ ಹಡಗು ಹತ್ತಿದ, ಇಳಿದ ದಿನಾಂಕಗಳು ಸರಿಯಾಗಿ ನಮೂದಾಗಿರಲಿ, ನಾವಿಕರ ತೆರಿಗೆ ಬಲ್ಲ ಲೆಕ್ಕಪರಿಶೋಧಕರಿಗೆ ತೋರಿಸಿ.

ಹಡಗಿನಲ್ಲಿ ಪೆಟ್ಟಾದರೆ ಖರ್ಚು ಯಾರದು?

ಕೆಲಸದ ಅವಧಿಯ ಗಾಯ, ಕಾಯಿಲೆಗಳ ಚಿಕಿತ್ಸೆ ಹಡಗಿನ ಮಾಲೀಕರ ಹೊಣೆ. ದುಡಿಯಲಾಗದ ಸ್ಥಿತಿಯಲ್ಲಿ ಕೊಡಬೇಕಾದ ವೇತನವನ್ನು ಕಾನೂನು ಮಿತಿಗೊಳಿಸಬಹುದಾದರೂ ಆ ಮಿತಿ 16 ವಾರಕ್ಕಿಂತ ಕಡಿಮೆಯಿರಬಾರದು ಎಂದು ಎಂಎಲ್‌ಸಿ ಹೇಳುತ್ತದೆ. ಎಷ್ಟೇ ಸಣ್ಣದಾದರೂ ಅಂದೇ ವೈದ್ಯಕೀಯ ಕೇಂದ್ರದಲ್ಲಿ ದಾಖಲಿಸಿ. ಬೆನ್ನುನೋವನ್ನು ಸಹಿಸಿಕೊಂಡು ಊರಿಗೆ ಬಂದ ಮೇಲೆ ಹೇಳಿದರೆ, ಅದು ಹಡಗಿನಲ್ಲೇ ಆದದ್ದೆಂದು ಸಾಧಿಸುವುದು ಕಷ್ಟ.

ನಡುವೆಯೇ ಬಿಟ್ಟು ಬಂದರೆ ಏನಾಗುತ್ತದೆ?

ಒಪ್ಪಂದದಲ್ಲಿ ಹೇಳಿದ ಸೂಚನಾ ಅವಧಿ ಕೊಟ್ಟು ಬಿಡಬಹುದು. ಅದು ಏಳು ದಿನಕ್ಕಿಂತ ಕಡಿಮೆಯಿರಬಾರದೆಂಬುದು ಸಾಮಾನ್ಯ ನಿಯಮ. ಸಕಾರಣವಿಲ್ಲದೆ ಬಿಟ್ಟರೆ ವಿಮಾನದ ಖರ್ಚು ನಿಮ್ಮ ಮೇಲೆ ಬೀಳಬಹುದು. ಆದರೆ ಬಂದರಿನಲ್ಲಿ ಇಳಿದು ಮರಳದೇ ಇರುವುದು ಸಂಪೂರ್ಣ ಬೇರೆ ವಿಷಯ. ಅಮೆರಿಕ ಸಿಬ್ಬಂದಿಗೆ ಕೊಡುವ ಪ್ರವೇಶಾನುಮತಿ ಹೆಚ್ಚೆಂದರೆ 29 ದಿನಗಳದ್ದು. ಅದನ್ನು ಮೀರಿದವರು ವೀಸಾವನ್ನೂ ಸಮುದ್ರದ ಕೆಲಸವನ್ನೂ ಒಟ್ಟಿಗೆ ಕಳೆದುಕೊಳ್ಳುತ್ತಾರೆ.

ಮೊದಲ ಕಾಂಟ್ರಾಕ್ಟ್ ಮುಗಿಯಿತು. ಮತ್ತೆ ಹೋಗಬೇಕೇ, ಇಲ್ಲೇ ಉಳಿಯಬೇಕೇ?

ಇಳಿದ ಕೂಡಲೇ ತೀರ್ಮಾನಿಸಬೇಡಿ. ದಣಿವು ಇಳಿಯಲು ಎರಡು ಮೂರು ವಾರ ಬೇಕು, ಅಷ್ಟರೊಳಗೆ ‘ಇನ್ನೆಂದೂ ಬೇಡ’ ಎಂದವರು ಅನೇಕರು ಮರಳಿ ಹೋಗಿದ್ದಾರೆ. ಎರಡನೆಯ ಸಲ ದಾರಿ ಗೊತ್ತು, ಮುಖಗಳು ಗೊತ್ತು, ಅದು ಹಗುರ. ಆದರೆ ಬಡ್ತಿಯ ದಾರಿ ಕಾಣದ ಹುದ್ದೆಯಲ್ಲಿ ವರ್ಷಗಟ್ಟಲೆ ಉಳಿಯುವುದನ್ನು ನಾನು ಸಲಹೆ ಮಾಡುವುದಿಲ್ಲ. ಮೊಣಕಾಲು ಮತ್ತು ಬೆನ್ನು ಅದಕ್ಕೆ ಬೆಲೆ ತೆರುತ್ತವೆ. ಎರಡರಲ್ಲಿ ಯಾವುದನ್ನು ಆರಿಸಿದರೂ ಇಳಿಯುವ ಮೊದಲು ಸೇವಾ ಪತ್ರ ಮತ್ತು ತರಬೇತಿ ಪ್ರಮಾಣಪತ್ರಗಳನ್ನು ಕೇಳಿ ಪಡೆದುಕೊಳ್ಳಿ. ವೈದ್ಯಕೀಯ ಪ್ರಮಾಣಪತ್ರದ ಅವಧಿ ಹೆಚ್ಚೆಂದರೆ ಎರಡು ವರ್ಷ, ಸುರಕ್ಷತಾ ತರಬೇತಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು, ಸಿಡಿಸಿ ಹತ್ತು ವರ್ಷಕ್ಕೆ. ಮರಳಿ ಹೋಗುವ ಯೋಚನೆ ಸ್ವಲ್ಪವಾದರೂ ಇದ್ದರೆ ಊರಿನಲ್ಲಿರುವ ರಜೆಯಲ್ಲೇ ಇವುಗಳ ದಿನಾಂಕ ನೋಡಿ ಮುಗಿಸಿಕೊಳ್ಳಿ, ಏಕೆಂದರೆ ಕಂಪನಿಯ ಕರೆ ಬರುವುದು ಹಲವು ಬಾರಿ ಹತ್ತು ದಿನ ಮುಂಚಿತವಾಗಿ ಮಾತ್ರ.